ಕೈ ಮಾತ್ರ ನನ್ನದು

ಮುಖ ಬೇಡ, ಕೈ ಸಾಕು ಅಂದ ಪಂಪಾಪತಿ.
ಬಾಡಿಗೆ ಕ್ಯಾಮೆರಾವನ್ನು ಹಳೇ ಹೆಲ್ಮೆಟ್ಟಿಗೆ ಬಿಗಿದು
ನನ್ನ ತಲೆಗಿಟ್ಟ. ಗದ್ದದ ಪಟ್ಟಿ ಹರಿದಿತ್ತು,
ಪೈಜಾಮದ ಲಾಡಿ ಕಟ್ಟಿದೆವು.
"ಇನ್ನು ನೀನು ನೋಡಿದ್ದೇ ಸಿನಿಮಾ.
ಉಸಿರು ಜೋರಾಗಿರಲಿ. ಮಾತಾಡ್ಬೇಡ."

ಕಬ್ಬನ್‌ಪೇಟೆಯಲ್ಲಿ ಮಗ್ಗ ನಿಂತುಹೋದ ಒಂದು ಶೆಡ್ಡು,
ಏಳು ಭಾನುವಾರ, ಒಂದು ಲಕ್ಷ ಹತ್ತು ಸಾವಿರ;
ಅದರಲ್ಲಿ ನಲವತ್ತು, ಅವನ ಸ್ಕೂಟರು ಮಾರಿದ್ದು.
ಬೀಟ್‌ರೂಟು, ಬೆಲ್ಲದ ಪಾಕ, ಮೈದಾ, ಚೂರು ಡಿಕಾಕ್ಷನ್ನು:
ಗ್ಲಾಡಿಸ್ ಮೇಡಂ ಕುದಿಸಿದ ರಕ್ತಕ್ಕೆ
ಇರುವೆ ಮುತ್ತುತ್ತಿತ್ತು.
ಸತ್ತವರು 'ಕಟ್' ಅನ್ನುವ ತನಕ
ಕಚ್ಚಿಸಿಕೊಂಡು ಮಲಗಿರುತ್ತಿದ್ದರು.

ರಕ್ತ ಇಷ್ಟು ಕೆಂಪಲ್ಲ, ಅಂದೆ.
ನನಗೆ ಗೊತ್ತು. ಹನುಮಂತನಗರದ ಲ್ಯಾಬಿನಲ್ಲಿ
ಬೆಳಗ್ಗೆ ಆರೂವರೆಯಿಂದ ಅದನ್ನೇ ಎಳೆಯುವವನು.
ಅದು ನೇರಳೆಗೆ ಹತ್ತಿರ,
ಮಾಗಿದ ಹಣ್ಣು ಕಿವುಚಿದ ಹಾಗೆ,
ಕೊಳವೆಯೊಳಗೆ ಒಂದಷ್ಟು ಹೊತ್ತು ಬೆಚ್ಚಗೆ.
"ನಿನಗೆ ಗೊತ್ತಿರೋದು ಬೇಡ," ಅಂದ,
"ಜನಕ್ಕೆ ಗೊತ್ತಿರೋ ಕೆಂಪು ಬೇಕು."

ಚಾಮರಾಜಪೇಟೆ, ಮೂರನೇ ಮಹಡಿ,
ಬಿಳಿ ಪಂಚೆ ಎಳೆದು ಕಟ್ಟಿದ ಪರದೆ,
ಪ್ಲಾಸ್ಟಿಕ್ ಕುರ್ಚಿ, ನಲವತ್ತೊಂದು ಜನ.
ಮೊದಲನೇ ಕೊಲೆಗೆ ಸರಿಯಾಗಿ
ಕೆಳಗಿನ ಮನೆಯಲ್ಲಿ ಒಗ್ಗರಣೆ ಸಿಡಿಯಿತು.

ಹನ್ನೊಂದನೇ ನಿಮಿಷಕ್ಕೆ ಒಬ್ಬ ಹಿರಿಯರು ಎದ್ದರು,
ಕತ್ತಲಲ್ಲಿ ಕಾಲಿಂದ ಚಪ್ಪಲಿ ತಡಕುತ್ತ:
"ಕೊಲ್ಲೋನ ಮುಖ ತೋರಿಸೋದಿಲ್ವೇನ್ರೀ?
ನಮ್ಮ ತಲೆಗೇ ಕಟ್ತೀರಲ್ಲ!"
ಹೆಲ್ಮೆಟ್ಟಿನ ವಿಷಯ ಅವರಿಗೆ ಗೊತ್ತಿರಲಿಲ್ಲ.
ಕರುಳು ಹೊರಬಂದಾಗ
(ಶಿವಾಜಿನಗರದ್ದು, ಕಾಲು ಕೇಜಿ ಹೆಚ್ಚಿಗೆ ಹಾಕಿದ್ದರು)
"ಬೋಟಿ ಗೊಜ್ಜು!" ಎಂದು ಕಾಲೇಜು ಹುಡುಗಿಯರು ನಕ್ಕರು.
ನಕ್ಕವರಲ್ಲೇ ಒಬ್ಬಳು ಆಮೇಲೆ ಮೆಟ್ಟಿಲ ಬಳಿ ನೀರು ಕೇಳಿ,
ಕುಡಿಯದೆ, ಬಾಟಲಿ ಹಿಡಿದುಕೊಂಡೇ ಇಳಿದುಹೋದಳು.
ಕಪ್ಪು ಶರಟಿನವನೊಬ್ಬ ಪ್ರತಿ ಏಟಿಗೂ
"ಇಷ್ಟೇನಾ? ಇನ್ನೂ ಹಾಕು ಗುರು!"

ಹತ್ತೂವರೆವರೆಗೆ ಬೀದಿಯ ಟೀ ಗಾಡಿಯ ಮುಂದೆ ಜಗಳ.
ಹೇಸಿಗೆ, ಅಂದರು. ಇಂಥದು ನಮ್ಮಲ್ಲಿ ಯಾರೂ ಮಾಡಿಲ್ಲ, ಅಂದರು.
ಮಾಡದಿದ್ದುದೇ ಒಳ್ಳೇದಾಯ್ತು, ಅಂದರು.
ಪಂಪಾಪತಿ ಎಲ್ಲರಿಗೂ ತಲೆಯಾಡಿಸುತ್ತ
ಕರೆಂಟು ಬಿಲ್ಲಿನ ಬೆನ್ನ ಮೇಲೆ ಬರೆದುಕೊಂಡ:
ಕೈ ನಡುಗುತ್ತೆ. ತಪ್ಪು. ನಾಲ್ಕು ಜನ ಹೇಳಿದ್ರು.

ಮುನಿಕೃಷ್ಣನ ತಾಯಿ ಬಂದಿದ್ದರು ಕಾಮಾಕ್ಷಿಪಾಳ್ಯದಿಂದ,
ಮದುವೆಮನೆಗೆ ಉಡುವ ಸೀರೆಯಲ್ಲಿ.
ಮಗ ನಾಲ್ಕನೆಯವನಾಗಿ ಸತ್ತ, ಎರಡು ನಿಮಿಷ ಒದ್ದಾಡಿ.
ದೀಪ ಹತ್ತಿದ ಮೇಲೆ ಅವನ ಕುತ್ತಿಗೆಗೆ ಹೆಬ್ಬೆಟ್ಟೊತ್ತಿ ನೋಡಿದರು.
"ಬೆಲ್ಲದ ಪಾಕ ಕಣಮ್ಮಾ," ಅಂದ ಅವನು, ನಾಚಿ.
ಆಮೇಲೆ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದು
ಅಂಗೈ ಮೇಲೆ ಮಾಡಿದರು,
ಊಟಕ್ಕೆ ಮುಂಚೆ ಮಕ್ಕಳದನ್ನು ನೋಡುವ ಹಾಗೆ.
"ನಡುಗ್ತಿತ್ತಲ್ಲಪ್ಪ. ನೋಡ್ಕೊಂಡೆ.
ಅದಕ್ಕೇ ಎದ್ದು ಹೋಗ್ಲಿಲ್ಲ."

ಸೋಮವಾರ. ಟೋಕನ್ ಒಂಬತ್ತು, ಖಾಲಿ ಹೊಟ್ಟೆಯ ಸಕ್ಕರೆ.
ಇವತ್ತು ಬಿಳಿ ಶರಟು; ದನಿಯಿಂದ ಗುರುತಾಯಿತು.
ತೋಳಿಗೆ ಪಟ್ಟಿ ಬಿಗಿದೆ, ಮುಷ್ಟಿ ಹಿಡೀರಿ ಅಂದೆ.
ಬಾಗಿಲಿಗೆ ಸಿಕ್ಕಿ ಕಪ್ಪಾದ ನನ್ನ ಹೆಬ್ಬೆರಳ ಉಗುರನ್ನೇ
ನೋಡುತ್ತಿದ್ದ; ಅದು ಪರದೆಯಗಲ ಬಂದಿತ್ತಲ್ಲ.
ಮುಖ ಹುಡುಕಿದ. ಮಾಸ್ಕಿತ್ತು.
ಗೋಡೆಯ ಕ್ಯಾಲೆಂಡರಿನ ಕಡೆ ಕತ್ತು ತಿರುಗಿಸಿ
ಕಣ್ಣು ಮುಚ್ಚಿಕೊಂಡ.
ಕೈ ನಡುಗಲಿಲ್ಲ.
ನೇರಳೆ ಬಂತು, ಮೂರು ಎಂ.ಎಲ್.

ಒಂದೇ ಕಣ್ಣು ತೆರೆದು ಕೇಳಿದ: "ಇಷ್ಟೇನಾ?"

ಇಷ್ಟೇ, ಅಂದೆ. ಹತ್ತಿ ಒತ್ತಿ ಹಿಡ್ಕೊಳ್ಳಿ.
ಟೋಕನ್ ಹತ್ತು.